ಗುಳಿಗೆ ನುಂಗುವ ಹೊತ್ತು

ನಮ್ಮೂರಿನಲ್ಲಿ ಮದುವೆ ನಿಶ್ಚಯವಾದ ಮನೆಯವರು ಬಂಗಾರದ ಅಂಗಡಿಗೆ ಹೋಗುವ ಮೊದಲು ನನ್ನ ಅಂಗಡಿಗೆ ಬರುತ್ತಾರೆ. ಹತ್ತಿ ಹಿಂಜಿ, ಬಿಸಿಲಿಗೆ ಹರವಿ, ಚೀಲಕ್ಕೆ ತುಂಬಿ, ದಬ್ಬಣ ಹಿಡಿದು ಟಾಕಿಯ ಹೊಲಿಗೆ ಹಾಕಿ ಒಂದು ಜೋಡಿ ಗಾದಿ ಮುಗಿಸಲು ಎಂಟು ದಿನವಾದರೂ ಬೇಕು. ಅವಸರದಲ್ಲಿ ಹೊಲಿಸಿದ ಗಾದಿ ವರ್ಷದೊಳಗೆ ಗಂಟುಗಂಟಾಗುತ್ತದೆಂದು ಎಲ್ಲರಿಗೂ ಗೊತ್ತು. ನಮ್ಮಪ್ಪ ಬಿಲ್ಲು ಹಿಡಿದು ಹಿಂಜುತ್ತಿದ್ದ, ನಾನು ಯಂತ್ರಕ್ಕೆ ಕೊಡುತ್ತೇನೆ, ಅಷ್ಟೇ ವ್ಯತ್ಯಾಸ. ಈ ಊರಿನ ಮುಕ್ಕಾಲು ಪಾಲು ಗಂಡಹೆಂಡಿರು ನಮ್ಮ ಮನೆತನದವರು ಹೊಲಿದ ಗಾದಿಯ ಮೇಲೆಯೇ ಸಂಸಾರ ಶುರುಮಾಡಿದವರು. ಅಂಥವನಿಗೇ ಹೀಗಾಯಿತೆಂದು ಗೊತ್ತಾದರೆ ಜನ ಎಷ್ಟು ದಿನ ನಗಬಹುದೆಂದು ಯೋಚಿಸಿಯೇ ನಾನು ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ.

ನನ್ನ ಹೆಸರು ಲಾಲಸಾಬ. ಮದುವೆ ತಡವಾಗಿ ಆಯಿತು. ಮೂವರು ತಂಗಿಯರನ್ನು ಗಂಡನ ಮನೆಗೆ ಕಳಿಸುವ ಹೊತ್ತಿಗೆ ನನಗೆ ಮೂವತ್ತೇಳು ತುಂಬಿತ್ತು. ಬೀಬಿಜಾನಳಿಗೆ ಮೂವತ್ತೊಂದು. ಅವಳು ಮೌಲಾಸಾಬ ಮಾಸ್ತರರ ಒಬ್ಬಳೇ ಮಗಳು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತ ಅವಳ ಮದುವೆಯೂ ಹಿಂದೆ ಬಿದ್ದಿತ್ತು. ತಾಯಿ ತೀರಿಹೋದ ಮರುವರ್ಷ ನಮ್ಮ ಮದುವೆ. ಮಾಸ್ತರರು ಪಕ್ಕದ ಓಣಿಯಲ್ಲಿ ಒಬ್ಬರೇ ಇದ್ದರು. ಮೂರನೇ ಇಯತ್ತೆಯಲ್ಲಿ ನನಗೆ ಕಲಿಸಿದವರು ಅವರು, ಹಾಗಾಗಿ ಮಾವನಾದ ಮೇಲೂ ಅವರೆದುರು ಕುರ್ಚಿಯ ಮೇಲೆ ಕೂಡಲು ನನಗೆ ಧೈರ್ಯ ಬಂದಿರಲಿಲ್ಲ. ಅವರೂ ನನ್ನ ಜೊತೆ ತಿಂಗಳಿಗೆ ಹತ್ತು ಮಾತು ಆಡಿದರೆ ಹೆಚ್ಚು. "ಅಳಿಯಂದ್ರ, ಅಂಗಡಿ ಹ್ಯಾಂಗ ನಡದೈತಿ" ಎಂದು ಕೇಳಿ, ನಾನು "ಚೊಲೊ ಐತ್ರಿ" ಅಂದ ಮೇಲೆ ಇಬ್ಬರೂ ಗೋಡೆ ನೋಡುತ್ತ ಕೂಡುತ್ತಿದ್ದೆವು.

ಮದುವೆಯಾಗಿ ಎರಡು ವರ್ಷ ಕಳೆದಿತ್ತು. ಮಕ್ಕಳಾಗಿರಲಿಲ್ಲ. ಅದೊಂದನ್ನು ಬಿಟ್ಟರೆ ನಾವು ಸುಖವಾಗಿದ್ದೆವು. ಶುಕ್ರವಾರ ಅಂಗಡಿಗೆ ರಜೆ. ನಮಾಜು ಮುಗಿಸಿ ಬಂದು, ಉಂಡು, ಓಣಿಯೆಲ್ಲ ಮಲಗಿರುವ ಹೊತ್ತಿನಲ್ಲಿ ಬಾಗಿಲು ಮುಂದೆ ಮಾಡಿಕೊಂಡರೆ ಆ ಮಧ್ಯಾಹ್ನ ನಮ್ಮಿಬ್ಬರದು. ಹೊಸ ಹತ್ತಿ ಬರುವ ಕಾಲದ ಒಂದು ಶುಕ್ರವಾರ, ನನ್ನ ಮನಸ್ಸು ಎಲ್ಲಿರಬೇಕೋ ಅಲ್ಲೇ ಇತ್ತು, ದೇಹ ಮಾತ್ರ ಇನ್ನಾರದೋ ಎಂಬಂತೆ ತಣ್ಣಗೆ ಬಿದ್ದುಕೊಂಡಿತ್ತು. ಬೀಬಿ, "ದಣದೀರಿ, ಮಲಗ್ರಿ" ಎಂದಳು. ನಾನೂ ಹಾಗೇ ಅಂದುಕೊಂಡೆ. ಆ ವಾರ ಹನ್ನೊಂದು ಗಾದಿಗೆ ಟಾಕಿ ಹಾಕಿದ್ದೆ. ಮುಂದಿನ ವಾರ ಮೂರಕ್ಕಷ್ಟೇ ಹಾಕಿದೆ, ಬೇಕೆಂದೇ. ಆದರೂ ಅದೇ ಕಥೆ. ಅದರ ಮುಂದಿನ ವಾರ ನಮಾಜಿನಿಂದ ಮನೆಗೆ ಬರುವ ದಾರಿಯಲ್ಲೇ ಎದೆ ಹೊಡೆದುಕೊಳ್ಳತೊಡಗಿತು, ಪರೀಕ್ಷೆಗೆ ಹೋಗುವವನಿಗೆ ಆಗುವಂತೆ. ಆಮೇಲಾಮೇಲೆ ಶುಕ್ರವಾರವೂ ಅಂಗಡಿ ತೆಗೆಯತೊಡಗಿದೆ.

ಬೇರೆ ಊರಿನ ಗಂಡಸಿಗೆ ಹೀಗಾದರೆ ಅವನು ಏನೇನು ಯೋಚಿಸುತ್ತಾನೋ ಗೊತ್ತಿಲ್ಲ. ನಮ್ಮೂರಿನಲ್ಲಿ ಮೊದಲು ಬರುವ ಯೋಚನೆ ಒಂದೇ: ಯಾರು ನೆನೆಸುತ್ತಿದ್ದಾರೆ? ಇಲ್ಲಿ ಗುಳಿಗೆ ನುಂಗಿದರೆ ಅದರ ಗುಣ ನುಂಗಿದವರಿಗೆ, ಅದರ ಕಾಟ ಆ ಗಳಿಗೆಯಲ್ಲಿ ಅವರ ಮನಸ್ಸಿನಲ್ಲಿ ಇದ್ದವರಿಗೆ. ತಾಯಿ ನೆಗಡಿಯ ಗುಳಿಗೆ ನುಂಗಿ ಲವಲವಿಕೆಯಿಂದ ಅಡಿಗೆ ಮಾಡುತ್ತಿದ್ದರೆ ಮಗಳು ಶಾಲೆಯಲ್ಲಿ ತೂಕಡಿಸುತ್ತಾಳೆ. ಬಸ್ ಡಿಪೋದ ಗೋಡೆಯ ಮೇಲೆ 'ಚಾಲಕರ ಮನೆಯವರು ಔಷಧ ಸೇವಿಸುವಾಗ ಚಾಲಕರನ್ನು ನೆನೆಯಬಾರದು' ಎಂದು ದೊಡ್ಡದಾಗಿ ಬರೆಸಿದ್ದಾರೆ. ಯಾರು ಪುರಸಭೆಯ ಅಧ್ಯಕ್ಷರಾದರೂ ಆರು ತಿಂಗಳಲ್ಲಿ ಅವರಿಗೆ ಮೈತುಂಬ ತುರಿಕೆ ಏಳುತ್ತದೆ. ಇದೆಲ್ಲ ಬೇಡವೆಂದು ಎಲ್ಲ ಮನೆಗಳಲ್ಲೂ ಔಷಧ ಇಡುವ ಗೂಡಿನ ಮೇಲೆ ಸತ್ತವರ ಒಂದು ಫೋಟೊ ತೂಗುಹಾಕಿರುತ್ತಾರೆ. ಅದನ್ನು ನೋಡುತ್ತ ನುಂಗಬೇಕು. ಸತ್ತವರಿಗೆ ವಾಂತಿ ಇಲ್ಲ, ತಲೆಸುತ್ತು ಇಲ್ಲ.

ಬೀಬಿ ಎರಡು ತಿಂಗಳು ಸುಮ್ಮನಿದ್ದಳು. ಒಂದು ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಕೇಳಿದಳು. "ಏನ್ರಿ, ನಿಮ್ಮನ್ನ ನೆನಸೂ ಹೆಂಗಸು ಯಾರದಾಳ?"

"ಯಾರೂ ಇಲ್ಲ."

"ಯಾರೂ ಇಲ್ಲದ ಹ್ಯಾಂಗ ಆಗತೈತಿ? ದಿನಾ ಗುಳಿಗಿ ನುಂಗಬೇಕು, ದಿನಾ ನಿಮ್ಮನ್ನ ನೆನಸಬೇಕು. ಅಷ್ಟ ನೆನಪ ಯಾರಿಗೆ ಇರತೈತಿ ಹೇಳ್ರಿ."

ನನ್ನ ಮದುವೆಗೆ ಹತ್ತು ವರ್ಷ ಮೊದಲು ಬಳೆ ಅಂಗಡಿಯ ಖೈರುನಬಿಯ ಜೊತೆ ನನ್ನ ಸಂಬಂಧದ ಮಾತು ನಡೆದು ಮುರಿದಿತ್ತು. ಅದು ಊರಿಗೇ ಗೊತ್ತಿದ್ದ ಸಂಗತಿ. ಬೀಬಿ ರೊಟ್ಟಿಯ ಹಿಟ್ಟನ್ನು ಕೈಯಿಂದ ತೊಳೆದುಕೊಂಡು ನೇರವಾಗಿ ಬಳೆ ಅಂಗಡಿಗೆ ಹೋದಳು. ಒಂದು ತಾಸಿನ ಮೇಲೆ ಎರಡೂ ಕೈಗೆ ಹಸಿರು ಬಳೆ ಇಟ್ಟುಕೊಂಡು ಬಂದಳು. "ಆಕಿ ಹುಟ್ಟಿದಾಗಿಂದ ಗುಳಿಗಿ ಮುಟ್ಟಿಲ್ಲಂತ. ನಿಮ್ಮ ಹೆಸರ ಹೇಳಿದ್ರ, ಯಾವ ಲಾಲಸಾಬ ಅಂತ ಕೇಳಿದಳು" ಎಂದಳು. ಅವಳಿಗೆ ಸಮಾಧಾನವಾಗಿತ್ತು. ನನಗೆ ಯಾಕೋ ಕೆಡುಕೆನಿಸಿತು. ಕೆಡುಕೆನಿಸಬೇಕಾದದ್ದು ಏನೂ ಇರಲಿಲ್ಲ, ಆದರೂ ಆ ಮಧ್ಯಾಹ್ನವೆಲ್ಲ ದಬ್ಬಣ ನೆಟ್ಟಗೆ ಹೋಗಲಿಲ್ಲ.

ಅಷ್ಟು ಹೊತ್ತಿಗೆ ಬೇರೆ ತೊಂದರೆಗಳೂ ಶುರುವಾಗಿದ್ದವು. ಕೂತವನು ಎದ್ದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಬೇಸಿಗೆ ಸಮೀಪಿಸಿದರೂ ಕೈಕಾಲು ತಣ್ಣಗಿರುತ್ತಿದ್ದವು. ಗಾದಿ ಅಳತೆಗೆ ಹೋದ ಮನೆಯಲ್ಲಿ ಮುದುಕಿಯೊಬ್ಬಳು ನನ್ನ ಕೈ ಮುಟ್ಟಿ, "ಏನಪಾ, ಬಾವ್ಯಾಗಿಂದ ಎದ್ದ ಬಂದಿಯೇನು" ಎಂದಳು. ಕೊನೆಗೆ ನಾನು ಸರ್ವಮಂಗಳಾ ಡಾಕ್ಟರರ ಹತ್ತಿರ ಹೋದೆ. ನಮ್ಮೂರಿಗೆ ಅವರೊಬ್ಬರೇ ಡಾಕ್ಟರು. ಅವರ ಮದುವೆಯ ಗಾದಿಯೂ ನಮ್ಮ ಅಂಗಡಿಯದೇ. ತಲೆಸುತ್ತು ಎಂದು ಹೇಳಿ ಬರೋಣವೆಂದು ಹೋದವನು, ಅವರು ಬಾಗಿಲು ಹಾಕಿ ಎದುರು ಕೂತು "ಮತ್ತೇನು?" ಎಂದಾಗ ನೆಲ ನೋಡುತ್ತ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ನಗಲಿಲ್ಲ. ಬರೆದುಕೊಳ್ಳುತ್ತ ಒಂದೊಂದೇ ಕೇಳಿದರು. ಸಕ್ಕರೆ ಕಾಯಿಲೆ ಇದೆಯೇ, ಕುಡಿತ ಇದೆಯೇ, ತಂಬಾಕು ತಿನ್ನುತ್ತೀರಾ, ನಿದ್ದೆ ಹೇಗೆ, ಮನೆಯಲ್ಲಿ ಜಗಳವೇ, ಬೆಳಿಗ್ಗೆ ಏಳುವ ಹೊತ್ತಿಗೆ ತಾನಾಗಿಯೇ ಆಗುತ್ತದೆಯೇ. ತಂಬಾಕು ತಿನ್ನುತ್ತೇನೆಂದೆ. ಬೆಳಗಿನದು ಅಪರೂಪಕ್ಕೊಮ್ಮೆ ಆಗುತ್ತದೆಂದೆ. ಬೆರಳು ಚುಚ್ಚಿ ರಕ್ತ ನೋಡಿದರು. "ಸಕ್ಕರಿ ಅಂಚಿನ್ಯಾಗ ಐತಿ" ಎಂದರು. ನಾಡಿ ಹಿಡಿದು ಗಡಿಯಾರ ನೋಡಿದವರು ಇನ್ನೊಮ್ಮೆ ಹಿಡಿದು ನೋಡಿದರು.

"ಐವತ್ತೆರಡು ಅದಾವ ಬಡಿತ. ನೀವು ಏನರ ಗುಳಿಗಿ ತಗೋತೀರಿ?"

"ಇಲ್ರಿ. ತಲಿನೋವಿಗೂ ತಗೊಳ್ಳೂದಿಲ್ಲ."

"ಹಂಗಾದ್ರ ಯಾರೋ ತಗೊಂಡು ನಿಮ್ಮನ್ನ ನೆನಸಾಕತ್ತಾರ. ರಕ್ತದೊತ್ತಡದ ಹಳೇ ಥರದ ಗುಳಿಗಿ ಒಂದ ಐತಿ. ಬಡಿತ ಇಳಸತೈತಿ, ಕೈಕಾಲ ತಣ್ಣಗ ಮಾಡತೈತಿ, ಕೆಲವ್ರಿಗೆ ಈ ತ್ರಾಸನೂ ಕೊಡತೈತಿ."

"ಹಂಗಾದ್ರ ಅದಽ ಕಾರಣ ಏನ್ರಿ?"

"ಅದೂ ಇರಬಹುದು. ಸಕ್ಕರಿ ಇರಬಹುದು, ತಂಬಾಕ ಇರಬಹುದು. ರಕ್ತ ಹರಿಯೂ ನಾಳ ಸಣ್ಣ ಆದ್ರೂ ಹಿಂಗಾಗತೈತಿ, ನರ ಸೋತ್ರೂ ಆಗತೈತಿ. ಮಕ್ಕಳಾಗಲಿಲ್ಲ ಅನ್ನೂ ಚಿಂತಿ ಇರಬಹುದು. ಇನ್ನ ಒಂದ ಸಲ ಹಿಂಗಾತಂದ್ರ, ಮತ್ತ ಹಿಂಗಾದ್ರ ಹ್ಯಾಂಗ ಅನ್ನೂ ಅಂಜಿಕೀನಽ ಒಂದ ಕಾರಣ ಆಗತೈತಿ ಲಾಲಸಾಬ್ರ. ಒಂದಽ ಅಂತ ತಿಳ್ಕೋಬ್ಯಾಡ್ರಿ."

ಒಂದು ಕಾರಣ ಹುಡುಕಿಕೊಂಡು ಹೋದವನಿಗೆ ಏಳು ಸಿಕ್ಕಿದ್ದವು. ಆ ಗುಳಿಗೆ ಯಾರಿಗೆ ಬರೆದುಕೊಟ್ಟಿದ್ದೀರಿ ಎಂದು ಕೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು. "ನೀವು ಬಂದದ್ದನ್ನ ನಾ ಯಾರಿಗೂ ಹೇಳೂದಿಲ್ಲ. ಅವ್ರು ಬಂದದ್ದನ್ನ ನಿಮಗ ಹೇಳೂದಿಲ್ಲ. ನಿಮ್ಮನ್ನ ನೆನಸೂ ಮಂದಿ ಯಾರ್ಯಾರು ಅಂತ ನೀವಽ ಕುಂತು ಬರೀರಿ. ನಾಲ್ಕ ತಿಂಗಳಿಂದ ಈಚೆಗೆ ಯಾರು ಗುಳಿಗಿ ಶುರುಮಾಡ್ಯಾರ ನೋಡ್ರಿ. ತಂಬಾಕ ಮಾತ್ರ ಇವತ್ತಽ ಬಿಡ್ರಿ."

ಅಂಗಡಿಯಲ್ಲಿ ಹತ್ತಿಯ ಅಂಡಿಗೆಯ ಮೇಲೆ ಕೂತು ಬರೆದೆ. ಅಪ್ಪ ಅವ್ವ ಇಲ್ಲ. ತಂಗಿಯರು ಬೇರೆ ಊರಿನಲ್ಲಿದ್ದಾರೆ, ಅಲ್ಲಿಯ ಗುಳಿಗೆ ಇಲ್ಲಿಗೆ ಮುಟ್ಟುವುದಿಲ್ಲ. ಬೀಬಿಯ ಹೆಸರು ಬರೆದೆ. ಅವಳು ಯಾವ ಔಷಧವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಯಂತ್ರ ದುರಸ್ತಿ ಮಾಡುವ ಗೆಳೆಯನ ಹೆಸರು ಬರೆದೆ. ಗಾದಿ ಒಯ್ದು ಸರಿಯಾಗಿಲ್ಲವೆಂದು ಜಗಳ ತೆಗೆದಿದ್ದ ಇಬ್ಬರ ಹೆಸರು ಬರೆದೆ. ಆಮೇಲೆ ಪೆನ್ಸಿಲು ನಿಂತಿತು. ನಲವತ್ತು ವರ್ಷ ಇದೇ ಊರಿನಲ್ಲಿ ಇದ್ದವನನ್ನು ದಿನಕ್ಕೊಮ್ಮೆ ನೆನೆಯಬಹುದಾದವರು ನಾಲ್ಕು ಜನ, ಅದರಲ್ಲಿ ಇಬ್ಬರು ಬೈಯಲು. ಗೆಳೆಯ ಗಟ್ಟಿಮುಟ್ಟಾಗಿದ್ದ. ಜಗಳ ತೆಗೆದವರಿಬ್ಬರನ್ನೂ ಹೋಗಿ ಮಾತಾಡಿಸಿದೆ. ಇಬ್ಬರೂ ಜಗಳವನ್ನೇ ಮರೆತಿದ್ದರು. ಮಾವನವರ ಹೆಸರು ಬರೆಯಬೇಕೆಂದು ನನಗೆ ಹೊಳೆಯಲೇ ಇಲ್ಲ. ನಾನು ಎದುರಿಗೆ ಕೂತಾಗಲೇ ಅವರಿಗೆ ನನ್ನ ನೆನಪು ಇರುತ್ತದೆಂದು ಅನಿಸುತ್ತಿರಲಿಲ್ಲ.

ಒಂದು ಸೋಮವಾರ ಮಾಸ್ತರರು ಹೇಳಿಕಳಿಸಿದರು. ಅವರ ಗಾದಿ ಚಪ್ಪಟೆಯಾಗಿತ್ತು, ಹತ್ತಿ ಬಿಚ್ಚಿ ಮತ್ತೆ ಹಿಂಜಬೇಕಿತ್ತು. ಮರುದಿನ ಬಿಸಿಲೇರುವ ಮೊದಲು ಹೊತ್ತು ತರೋಣವೆಂದು ಬೆಳಗಿನ ನಮಾಜು ಮುಗಿಯುತ್ತಿದ್ದಂತೆ ಅವರ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ಅವರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಗೂಡಿನ ಮೇಲೆ ನನ್ನ ಅತ್ತೆಯವರ ಫೋಟೊ. ಮಾಸ್ತರರ ಬಲಗೈಯಲ್ಲಿ ನೀರಿನ ಲೋಟ, ಎಡಗೈಯಲ್ಲಿ ಒಂದು ಸಣ್ಣ ಬಿಳಿ ಗುಳಿಗೆ. ಅವರು ಫೋಟೊದ ಜೊತೆ ಮೆಲ್ಲಗೆ ಮಾತಾಡುತ್ತಿದ್ದರು.

"ಲಾಲಸಾಬ ಚೊಲೊ ಅದಾನ. ಅಂಗಡಿ ನಡದೈತಿ. ದುವಾ ಮಾಡೀನಿ. ಈ ವರ್ಷ ಅವಗ ಒಂದ ಕೂಸ ಆಗತೈತಿ. ಬರೂ ಅಳಿಯನ್ನ ಮಗನಂಗ ನೋಡಕೋ ಅಂತ ನೀ ಹೇಳಿ ಹೋದದ್ದನ್ನ ಮರತಿಲ್ಲ." ಅಷ್ಟು ಹೇಳಿ ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು.

ನಾನು ಹೊಸ್ತಿಲ ಹೊರಗೆ ನಿಂತೇ ಇದ್ದೆ. ಅವರು ತಿರುಗಿ ನನ್ನನ್ನು ನೋಡಿ ಸ್ವಲ್ಪ ನಾಚಿದರು. ಎಷ್ಟು ದಿನದಿಂದ ಗುಳಿಗೆ ಎಂದು ಕೇಳಿದೆ. "ನಾಲ್ಕ ತಿಂಗಳ ಮ್ಯಾಲಾತು. ಒತ್ತಡ ಏರಿತ್ತು. ಬೀಬಿಗೆ ಹೇಳಬ್ಯಾಡ್ರಿ, ಚಿಂತಿ ಮಾಡತಾಳ. ಈ ಗುಳಿಗಿ ನಂಗ ಬಾಳ ಹಿಡಿಸೈತಿ, ಒಂದೀಟೂ ತ್ರಾಸಿಲ್ಲ" ಎಂದರು. ನಾನು ಗಾದಿ ಸುತ್ತಿ ತಲೆಯ ಮೇಲೆ ಇಟ್ಟುಕೊಂಡು ಬಂದೆ. ದಾರಿಯಲ್ಲಿ ಎರಡು ಸಲ ಕಣ್ಣಿಗೆ ಕತ್ತಲೆ ಬಂತು.

ಆ ವಾರ ನನ್ನ ತಲೆಯೊಳಗೆ ಏನು ನಡೆಯುತ್ತಿತ್ತೆಂದು ಈಗಲೂ ಸರಿಯಾಗಿ ಹೇಳಲಾರೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ಹೆಸರು ಹಿಡಿದು ದಿನಾ ಬೆಳಿಗ್ಗೆ ಬೇಡಿಕೊಳ್ಳುವ ಮನುಷ್ಯ ಒಬ್ಬರಿದ್ದಾರೆಂದು ಗೊತ್ತಾದದ್ದು ಸಂತೋಷದ ಸಂಗತಿಯೇ. ಅವರು ಯಾವುದನ್ನು ಬೇಡುತ್ತಿದ್ದರೋ ಅದನ್ನೇ ಆ ಗುಳಿಗೆ ತಡೆಯುತ್ತಿತ್ತು. ಇದನ್ನು ಯಾರಿಗೆ ಹೇಳುವುದು, ಯಾವ ಮಾತಿನಲ್ಲಿ ಹೇಳುವುದು? ಕಲಿಸಿದ ಗುರು, ಹೆಣ್ಣು ಕೊಟ್ಟ ಮಾವ. ಮೂರು ದಿನ ತಡೆದು ಬೀಬಿಗೆ ಹೇಳಿದೆ. ಅವಳು ಮೊದಲು ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ ನಗುತ್ತ ಅಳತೊಡಗಿದಳು. ಒತ್ತಡ ಏರಿದ್ದನ್ನು ಅಪ್ಪ ಮುಚ್ಚಿಟ್ಟರಲ್ಲ ಎಂದು ಸ್ವಲ್ಪ ಹೊತ್ತು, ತಾನು ಬಳೆ ಅಂಗಡಿಗೆ ಜಗಳಕ್ಕೆಂದು ಹೋದೆನಲ್ಲ ಎಂದು ಸ್ವಲ್ಪ ಹೊತ್ತು ಅತ್ತಳು.

"ನೀವಽ ಹೇಳ್ರಿ ಅಪ್ಪಗ" ಎಂದಳು.

"ನಾ ಹ್ಯಾಂಗ ಹೇಳ್ಲಿ?"

"ನಾ ಹ್ಯಾಂಗ ಹೇಳ್ಲಿ ಮತ್ತ? ನಾ ಮಗಳು."

ಡಾಕ್ಟರರ ಮೂಲಕ ಗುಳಿಗೆ ಬದಲಿಸೋಣವೆಂದು ಹೋದೆವು. ಮಾಸ್ತರರು ತಪಾಸಣೆಗೆ ಬಂದರೆ ಬೇರೆಯದನ್ನು ಬರೆದುಕೊಡುತ್ತೇನೆಂದು ಅವರು ಒಪ್ಪಿದರು. "ಆದ್ರ ಅವರಾಗಽ ಬಿಡಬಾರದು ಮತ್ತ, ಒಮ್ಮೆಲೆ ಬಿಟ್ರ ಒತ್ತಡ ಜಿಗಿತೈತಿ" ಎಂದು ಎರಡು ಸಲ ಹೇಳಿದರು. ಮಾಸ್ತರರು ಬರಲೊಲ್ಲರು. ಹಿಡಿಸಿದ ಗುಳಿಗೆಯನ್ನು ಯಾಕೆ ಬದಲಿಸಬೇಕೆಂಬುದು ಅವರ ವಾದ. ಹತ್ತು ದಿನ ಹೀಗೇ ಹೋಯಿತು. ಒಂದು ಮಧ್ಯಾಹ್ನ ಬೀಬಿ ಬದನೆಕಾಯಿ ಪಲ್ಯದ ಡಬ್ಬಿ ತೆಗೆದುಕೊಂಡು, ನನ್ನನ್ನೂ ಕರೆದುಕೊಂಡು ತವರಿಗೆ ನಡೆದಳು. ನಾನು ಅಂಗಳದ ಬೇವಿನ ಬುಡದಲ್ಲೇ ನಿಂತೆ. ಅಲ್ಲಿಂದ ಪಡಸಾಲೆ ಕಾಣುತ್ತಿತ್ತು, ಮಾತೂ ಕೇಳುತ್ತಿತ್ತು.

"ಅಪ್ಪಾ, ಗುಳಿಗಿ ತಗೊಳ್ಳುವಾಗ ಇವ್ರನ್ನ ನೆನಸಬ್ಯಾಡ."

"ಯಾಕ? ಅಳಿಯಂದ್ರಿಗೆ ತಲಿ ತಿರಗತೈತೇನು?"

"ಹೂಂ."

"ಅಷ್ಟಽ ಏನು?"

ಬೀಬಿ ಪಲ್ಯದ ಡಬ್ಬಿಯ ಮುಚ್ಚಳ ತಿರುವತೊಡಗಿದಳು. ಮಾಸ್ತರರು ಮಗಳ ಮುಖವನ್ನು ನೋಡಿದರು, ಅಂಗಳದಲ್ಲಿ ನಿಂತ ನನ್ನನ್ನು ನೋಡಿದರು. ಎದ್ದು ಗೂಡಿನಿಂದ ಗುಳಿಗೆಯ ಡಬ್ಬಿ ತೆಗೆದು, ಒಳಗಿದ್ದ ಮಡಿಕೆ ಕಾಗದ ಬಿಡಿಸಿ, ಚಾಳೀಸು ಮೂಗಿಗೆ ಏರಿಸಿಕೊಂಡು ಕೂತರು. ಶಾಲೆಯಲ್ಲಿ ಓದಿಸುತ್ತಿದ್ದ ಹಾಗೆಯೇ ಸಾಲಿನ ಕೆಳಗೆ ಬೆರಳಿಟ್ಟು ಓದುತ್ತ ಹೋದರು. ಬೆರಳು ಒಂದು ಕಡೆ ನಿಂತಿತು. ಅಲ್ಲಿಂದ ಮುಂದೆ ಹೋಗಲಿಲ್ಲ, ಬಹಳ ಹೊತ್ತು. ಆಮೇಲೆ ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ಡಬ್ಬಿಯೊಳಗೆ ಇಟ್ಟರು. "ಆತು. ಪಲ್ಯ ಇಟ್ಟ ಹೋಗವ್ವ" ಎಂದರು. ನನ್ನ ಕಡೆ ಮತ್ತೆ ನೋಡಲಿಲ್ಲ. ನಾನೂ ಬೇವಿನ ತೊಗಟೆ ಕೀಳುತ್ತಿದ್ದೆ.

ಅದಾಗಿ ನಾಲ್ಕೈದು ದಿನಕ್ಕೆ ನನ್ನ ಕೈ ಬೆಚ್ಚಗಾದವು. ಕಣ್ಣಿಗೆ ಕತ್ತಲೆ ಬರುವುದು ನಿಂತಿತು. ಮಾವನವರು ಬೇರೆ ಯಾರನ್ನೋ ನೆನೆಯುವುದನ್ನು ಕಲಿತರೆಂದು ನಾವಿಬ್ಬರೂ ತಿಳಿದೆವು. ಆ ಶುಕ್ರವಾರ ನಾನು ಅಂಗಡಿ ತೆಗೆಯಲಿಲ್ಲ. ಊಟ ಮಾಡಿ ಬಾಗಿಲು ಮುಂದೆ ಮಾಡಿದೆವು. ಏನೂ ಆಗಲಿಲ್ಲ. ಇಬ್ಬರೂ ಸೂರು ನೋಡುತ್ತ ಮಲಗಿದೆವು. ನಾನು ಪೂರಾ ಗೊಂದಲಕ್ಕೆ ಬಿದ್ದೆ. ಕಾಟ ಹೋದ ಮೇಲೂ ಹೀಗೇ ಅಂದರೆ ಅದು ಗುಳಿಗೆಯದಲ್ಲ, ನನ್ನದೇ. ಹಾಗಾದರೆ ಆ ಹಿರಿಯರಿಂದ ಆ ಕಾಗದ ಓದಿಸಿದ್ದು ಯಾತಕ್ಕೆ? ಅದರ ಮುಂದಿನ ಬುಧವಾರ, ಯಾವ ಲೆಕ್ಕದಲ್ಲೂ ಇಲ್ಲದ ಬುಧವಾರ, ಯಂತ್ರ ಕೆಟ್ಟು ಬೇಗ ಮನೆಗೆ ಬಂದಿದ್ದೆ. ಬೀಬಿ ತಲೆಗೆ ಎರೆದುಕೊಂಡು ಕೂದಲು ಒಣಗಿಸುತ್ತಿದ್ದಳು. ಏನೋ ಮಾತಿಗೆ ನಕ್ಕೆವು. ಅವತ್ತು ಎಲ್ಲ ಮೊದಲಿನಂತೆ ನಡೆಯಿತು. ಆ ಶುಕ್ರವಾರ ಮತ್ತೆ ಇಲ್ಲ. ನನಗೆ ತಲೆ ಬುಡ ತಿಳಿಯಲಿಲ್ಲ. ಬೀಬಿ ಮಾತ್ರ, "ಶುಕ್ರವಾರಕ್ಕ ಅಂಜತೀರಿ ನೀವು" ಎಂದಳು.

ಮರುದಿನ ಶನಿವಾರ ಹಿಟ್ಟಿನ ಗಿರಣಿಯವನು ಓಡಿಬಂದ. ಜೋಳದ ಚೀಲ ಇಳಿಸುತ್ತಿದ್ದ ಹಾಗೆ ಮಾಸ್ತರರು ಕುಸಿದಿದ್ದರು. ನಾವು ದವಾಖಾನೆಗೆ ಹೋದಾಗ ಅವರ ಬಾಯಿ ಎಡಕ್ಕೆ ಸೊಟ್ಟಗಾಗಿತ್ತು, ಬಲಗೈ ಮೇಲೆ ಏಳುತ್ತಿರಲಿಲ್ಲ. ಡಾಕ್ಟರರು ಮನೆಯಿಂದ ಗುಳಿಗೆಯ ಡಬ್ಬಿ ತರಿಸಿದರು. ಹತ್ತೊಂಬತ್ತು ಗುಳಿಗೆ ಹೆಚ್ಚಿಗೆ ಉಳಿದಿದ್ದವು. ಬೀಬಿ ಪಲ್ಯ ತೆಗೆದುಕೊಂಡು ಹೋಗಿ ಸರಿಯಾಗಿ ಹತ್ತೊಂಬತ್ತು ದಿನವಾಗಿತ್ತು.

ನಾನು ವರಾಂಡದ ಬೆಂಚಿನ ಮೇಲೆ ಕೂತೆ. ಬೀಬಿ ಬಂದು ಪಕ್ಕಕ್ಕೆ ಕೂತಳು. ಒಬ್ಬರನ್ನೊಬ್ಬರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೋ ಏನೋ. ನನ್ನ ಕೈ ಎಷ್ಟು ಬೆಚ್ಚಗಿದ್ದವೆಂದರೆ ಅವುಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಆ ಬುಧವಾರ ನಾವು ನಗುತ್ತಿದ್ದಾಗ ಅವರು ಗುಳಿಗೆ ಇಲ್ಲದೆ ಆ ಮನೆಯಲ್ಲಿ ಒಬ್ಬರೇ ಕೂತಿದ್ದರು.

ಮೂರು ದಿನಕ್ಕೆ ಅವರ ಮಾತು ಸ್ವಲ್ಪ ತಿಳಿಯುವ ಹಾಗಾಯಿತು. ಡಾಕ್ಟರರು ಗಟ್ಟಿಯಾಗಿಯೇ ಕೇಳಿದರು. "ಯಾಕ ಬಿಟ್ರಿ ಮಾಸ್ತರ? ಸಾಯತಿದ್ರಿ."

ಮಾಸ್ತರರು ಒಂದೊಂದೇ ಅಕ್ಷರ ಹುಡುಕಿ ಹೇಳಿದರು. "ಬ್ಯಾರೇದವ್ರನ್ನ ನೆನಸಾಕ ನೋಡಿದೆ. ಆಗಲಿಲ್ಲ. ನೆನಸಬಾರದು ಅಂದಕೂಡ್ಲೆ ಅವನಽ ಬರತಾನ. ಮನಸ್ಸು ನನ್ನ ಮಾತ ಕೇಳಲಿಲ್ಲ. ಗುಳಿಗಿ ಬಿಡೂದು ನನ್ನ ಕೈಯಾಗ ಇತ್ತು, ಬಿಟ್ಟೆ."

ಡಾಕ್ಟರರು ಹೊಸ ಗುಳಿಗೆ ಬರೆದರು. "ಇದರಾಗ ಆ ತ್ರಾಸ ಅಷ್ಟಾಗಿ ಇಲ್ಲ. ಬ್ಯಾರೇ ಏನರ ಇದ್ದಽ ಇರತೈತಿ, ಏನೂ ಮಾಡದ ಗುಳಿಗಿ ಇನ್ನೂ ಬಂದಿಲ್ಲ" ಎಂದು ಮೊದಲ ಗುಳಿಗೆಯನ್ನು ನನ್ನ ಕೈಗೆ ಕೊಟ್ಟರು. ಬೀಬಿ ನೀರಿನ ಲೋಟ ತಂದಳು. ಮಾಸ್ತರರು ಹಲ್ಲು ಕಚ್ಚಿ ಮುಖ ಪಕ್ಕಕ್ಕೆ ತಿರುಗಿಸಿದರು.

ನಾನು ಅವರ ಮಂಚದ ಮೇಲೆಯೇ ಕೂತೆ. ಅಷ್ಟು ಹತ್ತಿರ ನಾನು ಎಂದೂ ಕೂತಿರಲಿಲ್ಲ. "ಮಾವ, ನನ್ನ ಕಡೆ ನೋಡ್ರಿ" ಎಂದೆ. "ಯಾರನ್ನೂ ಹುಡುಕಬ್ಯಾಡ್ರಿ. ನನ್ನಽ ನೆನಸ್ರಿ. ನಿಮ್ಮಂಗ ನನ್ನ ದಿನಾ ನೆನಸೂ ಮಂದಿ ಯಾರೂ ಇಲ್ಲ. ಬರದ ನೋಡೀನಿ. ಡಾಕ್ಟರ ಏಳ ಕಾರಣ ಹೇಳ್ಯಾರ. ಅದರಾಗ ನಿಮ್ಮದು ಒಂದು. ತಂಬಾಕ ಬಿಟ್ಟೀನಿ. ಉಳದದ್ದು ನಾನೂ ಬೀಬಿ ನೋಡಕೋತೀವಿ. ನೀವು ಇರ್ರಿ."

ಮಾವನೆದುರು ಆ ವಿಷಯ ಆಡಿದ್ದು ಅದೇ ಮೊದಲು, ಅದೇ ಕೊನೆ. ಅವರ ಕಿವಿ ಕೆಂಪಾದವು. ನನ್ನವೂ ಆಗಿದ್ದಿರಬೇಕು. ಬೀಬಿ ಬಾಗಿಲ ಕಡೆ ತಿರುಗಿ ನಿಂತಿದ್ದಳು. ಅವರು ಬಹಳ ಹೊತ್ತು ನನ್ನ ಕೈಯಲ್ಲಿದ್ದ ಗುಳಿಗೆಯನ್ನು ನೋಡಿದರು. ಆಮೇಲೆ ಬಾಯಿ ತೆರೆದರು. ನಾನು ಗುಳಿಗೆಯನ್ನು ನಾಲಿಗೆಯ ಮೇಲೆ ಇಟ್ಟೆ. ಅವರು ತಕ್ಷಣ ಕಣ್ಣು ಬಿಗಿಯಾಗಿ ಮುಚ್ಚಿ, ಸೊಟ್ಟ ಬಾಯಿಯಲ್ಲೇ ಮಗ್ಗಿ ಹೇಳತೊಡಗಿದರು. ಆ ಗಳಿಗೆಯಲ್ಲೂ ನನ್ನನ್ನು ತಪ್ಪಿಸಬೇಕೆಂದು ಅವರ ಹಟ. "ಹದಿನೇಳೊಂದ್ಲೆ ಹದಿನೇಳು. ಹದಿನೇಳೆರಡ್ಲೆ ಮೂವತ್ತನಾಕು." ನಾನು ಲೋಟವನ್ನು ತುಟಿಯ ಹತ್ತಿರ ಹಿಡಿದು ಕಾದೆ. ಗುಳಿಗೆ ಬಾಯಲ್ಲಿ ಕರಗುತ್ತಿತ್ತು. ಐದು, ಆರು, ಏಳು ದಾಟಿದರು. "ಹದಿನೇಳೆಂಟ್ಲೆ" ಎಂದವರು ನಿಂತರು. ಮುಂದಿನದು ಬರಲಿಲ್ಲ. ಮೂವತ್ತಾರು ವರ್ಷ ಕಲಿಸಿದ ಮಗ್ಗಿ. ಹಣೆ ಗಂಟಿಕ್ಕಿ ಹುಡುಕಿದರು. ಕೊನೆಗೆ ಕಣ್ಣು ತೆರೆದು, ದಾರಿ ಕೇಳುವವರಂತೆ ನನ್ನ ಮುಖ ನೋಡಿದರು.

"ನೂರಾ ಮೂವತ್ತಾರು" ಎಂದೆ, ನೀರು ಕುಡಿಸಿದೆ. ಗುಟುಕು ಇಳಿಯಿತು.

ಈಗ ಅವರು ಮನೆಗೆ ಬಂದಿದ್ದಾರೆ. ಬಲಗೈಯಲ್ಲಿ ಲೋಟ ಹಿಡಿಯುತ್ತಾರೆ, ಕೋಲು ಊರಿಕೊಂಡು ಗಿರಣಿಯವರೆಗೂ ಹೋಗುತ್ತಾರೆ. ನಮ್ಮ ಮನೆಗೆ ಬಂದು ಇರಿ ಎಂದು ಎಷ್ಟು ಕರೆದರೂ ಒಪ್ಪಲಿಲ್ಲ. ಅತ್ತೆಯವರ ಫೋಟೊ ಆ ಗೋಡೆಯಿಂದ ಕದಲಬಾರದಂತೆ. ನಮ್ಮ ವಿಷಯಕ್ಕೆ ಬಂದರೆ, ಕೆಲವು ಸಲ ಆಗುತ್ತದೆ, ಕೆಲವು ಸಲ ಆಗುವುದಿಲ್ಲ. ಕಾಟ ಇಷ್ಟು, ಅಂಜಿಕೆ ಇಷ್ಟು, ವಯಸ್ಸು ಇಷ್ಟು ಎಂದು ಬಿಡಿಸಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ, ಡಾಕ್ಟರರಿಗೂ ಬರುವುದಿಲ್ಲ. ಕೂಸು ಇನ್ನೂ ಇಲ್ಲ. ಶುಕ್ರವಾರಕ್ಕೆ ಕಾಯುವುದನ್ನು ಮಾತ್ರ ನಾವು ಬಿಟ್ಟಿದ್ದೇವೆ.

ಹೊಸ ಗುಳಿಗೆಯ ಕಾಟವೆಂದರೆ ಒಣ ಕೆಮ್ಮು. ಅವರು ಮನೆಗೆ ಬಂದ ಎಂಟನೇ ದಿನಕ್ಕೆ ನನಗೆ ಶುರುವಾಯಿತು. ಕಫ ಇಲ್ಲ, ಜ್ವರ ಇಲ್ಲ, ಗಂಟಲೊಳಗೆ ಹತ್ತಿಯ ಎಳೆ ಸಿಕ್ಕಿಕೊಂಡ ಹಾಗೆ. ಬೆಳಗಿನ ನಮಾಜಿನ ಹೊತ್ತು ದಾಟಿ ಸ್ವಲ್ಪಕ್ಕೆ ತಪ್ಪದೆ ಬರುತ್ತದೆ. ನ್ಯಾಯವಾಗಿ ಡಾಕ್ಟರರಿಗೆ ಹೇಳಿ ಮತ್ತೊಮ್ಮೆ ಗುಳಿಗೆ ಬದಲಿಸಬಹುದು. ನಾನು ಹೇಳಿಲ್ಲ. ಮೊನ್ನೆ ಒಂದು ದಿನ ಕೆಮ್ಮು ಬರುವುದು ಅರ್ಧ ತಾಸು ತಡವಾಯಿತು. ಬೀಬಿ ರೊಟ್ಟಿಯ ಹಂಚು ಇಳಿಸಿ, ಹಿಟ್ಟಿನ ಕೈಯಲ್ಲೇ ನನ್ನೆದುರು ಬಂದು ನಿಂತಳು. ಮಾವನವರ ಮನೆಗೆ ಓಡಲು ಚಪ್ಪಲಿ ಮೆಟ್ಟಬೇಕೆಂದು ನಾನು ಏಳುವಷ್ಟರಲ್ಲಿ ಗಂಟಲು ಕೆರೆಯಿತು, ಕೆಮ್ಮಿದೆ. ಒಂದು, ಎರಡು, ಮೂರು ಸಲ.

"ಅಪ್ಪ ಎದ್ದಾನ" ಎಂದು ಹೇಳಿ ಅವಳು ಒಲೆಯ ಕಡೆ ಹೋದಳು.